ಸೊನ್ನೆಗೆ ಮುಂಚೆ

ಹನ್ನೊಂದು ವರ್ಷವಾಯಿತು, ಗ್ರಿಮ್ಸ್‌ಬಿಯ ಕೋಲ್ಡ್ ಸ್ಟೋರಿನಲ್ಲಿ
ಫೋರ್ಕ್‌ಲಿಫ್ಟ್ ಓಡಿಸುತ್ತ.
ಮೈನಸ್ ಇಪ್ಪತ್ತೆರಡರಲ್ಲಿ ಹುಬ್ಬಿಗೆ ಹಿಮ ಕಟ್ಟಿಕೊಂಡು
ಎಷ್ಟು ಸಾವಿರ ಟನ್ ಸೀಗಡಿ ಎತ್ತಿಟ್ಟೆನೋ,
ಲೆಕ್ಕ ಕಂಪನಿಯವರ ಹತ್ತಿರ ಇದೆ.
ಕೈಯಾರೆ ಮುಟ್ಟಿದ್ದು ಮಾತ್ರ ಒಂದೂ ಇಲ್ಲ.
ನರೇಗಲ್ಲಿನವನು ನಾನು, ಕೊರಳಲ್ಲಿ ಕರಡಿಗೆ.
ನಡುವೆ ಯಾವಾಗಲೂ ಒಂದು ರಟ್ಟಿನ ಪೆಟ್ಟಿಗೆ,
ಒಂದು ಜೊತೆ ದಪ್ಪ ಕೈಗವಸು.

ಇವತ್ತು ವೈಜುಗೆ ಎರಡು ಪಾಳಿ ಒಟ್ಟಿಗೆ,
ವೃದ್ಧಾಶ್ರಮದಲ್ಲಿ ಯಾರೋ ರಜೆ ಹಾಕಿದ್ದಾರೆ.
"ರಾತ್ರಿ ಊಟಕ್ಕೆ ನಿನ್ನ ಸೀಗಡಿ ನಾ ಮಾಡಿಡತೀನಿ" ಅಂದೆ.
ಯಾಕೆ ಅಂದೆನೋ.
ಬೂಟಿನ ಲಾಡಿ ಕಟ್ಟುತ್ತಿದ್ದವಳು ತಲೆಯೆತ್ತಿ
ಕರಡಿಗೆಯನ್ನೊಮ್ಮೆ ನೋಡಿ
ಪೆನ್ನು ಹುಡುಕಿದಳು.

*ತಣ್ಣೀರಲ್ಲಿ ಹತ್ತು ನಿಮಿಷ. ಬಿಸಿನೀರು ಬೇಡ, ಬೇಡ, ಬೇಡ.*
*ಚೆನ್ನಾಗಿ ಒರೆಸು. ಒದ್ದೆಯಿದ್ದರೆ ಹುರಿಯೋದಿಲ್ಲ, ಅಳುತ್ತೆ.*
*ಅರಿಸಿನ, ಖಾರಪುಡಿ, ಉಪ್ಪು, ಒಂದು ಚಮಚ ಎಣ್ಣೆ, ಚೂರು ರವೆ.*
*ಒಂದರ ಮೇಲೊಂದು ಹೇರಬೇಡ, ಅದು ನಿನ್ನ ಗೋದಾಮಲ್ಲ.*
*ಇನ್ನೂರು ಡಿಗ್ರಿ. ಮೂರು ನಿಮಿಷಕ್ಕೆ ಅಲ್ಲಾಡಿಸು. ಮತ್ತೆ ಮೂರು.*
ಕೆಳಗೆ ದಪ್ಪಗೆ ತಿದ್ದಿ:
*೧ ಆದರೆ ಬೆಂದಿದೆ.*
*೦ ಆದರೆ ಕೆಟ್ಟಿತು.*

ಬಾಣಲೆ ಇಡುವಂತಿಲ್ಲ ಈ ಮನೆಯಲ್ಲಿ.
ಒಗ್ಗರಣೆಯ ಸಾಸಿವೆಗೇ ಹೊಗೆಗಂಟೆ ಅರಚಿಕೊಳ್ಳುತ್ತದೆ,
ಮೇಲಿನ ಮನೆಯ ಮಿಸೆಸ್ ಬ್ಲಾಂಚರ್ಡ್ ನೆಲ ಕುಟ್ಟುತ್ತಾಳೆ.
ಅದಕ್ಕೇ ಈ ಯಂತ್ರ, ನಲವತ್ತು ಪೌಂಡಿನ ಕರಿ ಮೊಟ್ಟೆ,
ಗಾಳಿಯಲ್ಲೇ ಹುರಿಯುತ್ತದಂತೆ.
ಗಾಳಿಗೆ ಜೋಳ ತೂರುವುದು ಗೊತ್ತಿತ್ತು ನನಗೆ.

ಪಾಕೀಟು ಕತ್ತರಿಸಿ ಬಟ್ಟಲಿಗೆ ಸುರಿದರೆ ಗೋಲಿಗಳ ಸದ್ದು.
ಎಣಿಸಿದೆ, ಕೆಲಸದ ಚಟ: ಇಪ್ಪತ್ತು.
ನೀರಲ್ಲಿ ಒಂದೊಂದೇ ಹಿಮ ಬಿಟ್ಟು ಬೂದಿಬಣ್ಣಕ್ಕೆ ಮೆತ್ತಗಾದವು.
ಸಿಂಕಿನ ಕೆಳಗೆ ರಬ್ಬರಿನ ಗವಸು ಇತ್ತು.
ಹಾಕಿಕೊಳ್ಳಲಿಲ್ಲ.
ಮೊದಲನೆಯದು ಕೂಸಿನ ಕಿವಿಯ ಹಾಗಿತ್ತು. ಅಷ್ಟೇ.
ಅವ್ವನ ಮುಖವೇನೂ ಕಣ್ಣೆದುರು ಬರಲಿಲ್ಲ.
ಬಂದದ್ದು ಅಂಕೋಲೆಯ ಒಂದು ತೆಂಗಿನಮರ:
ವೈಜುವಿನ ಚಿಕ್ಕಮ್ಮ ಸೀಗಡಿ ಸುಲಿದ ಸಿಪ್ಪೆಯನ್ನೆಲ್ಲ
ಅದರ ಬುಡಕ್ಕೇ ಸುರಿಯುತ್ತಿದ್ದಳಂತೆ.
ಕೇರಿಗೆಲ್ಲ ಆ ಮರದ್ದೇ ಸಿಹಿ ಎಳನೀರು.
ಮದುವೆಗೆ ಹೋದಾಗ ಎರಡು ಸಲ ಕೇಳಿ ಕುಡಿದಿದ್ದೆ.

ಗುಂಯ್ ಅಂತು ಯಂತ್ರ. ಕಿಟಕಿಯೂ ಇಲ್ಲದ್ದು.
ಮೂರನೇ ನಿಮಿಷಕ್ಕೆ ಎಳೆದು, ಜೋರಾಗಿ ಅಲ್ಲಾಡಿಸಿ ಮತ್ತೆ ದೂಡಿದೆ.
ಖಾರ ಹುರಿದ ವಾಸನೆ ನನ್ನದೇ ಊರಿನದು,
ಅದರ ಹಿಂದಿನಿಂದ ಇಣುಕಿದ ಇನ್ನೊಂದಕ್ಕೆ
ನನ್ನಲ್ಲಿ ಹೆಸರಿಲ್ಲ.
ಗೋದಾಮಿನಲ್ಲಿ ಏನೂ ನಾರುವುದಿಲ್ಲ, ಚಳಿ ಮೊದಲು ಮೂಗನ್ನೇ ಮುಚ್ಚುತ್ತದೆ.

ತೆಗೆದು ನೋಡಿದರೆ ಬೂದಿಯೆಲ್ಲ ಕೇಸರಿಯಾಗಿ,
ಒಂದನೇ ಇಯತ್ತೆಯ ಪಾಟಿಯ ಮೇಲೆ ತಿದ್ದಿದ ಹಾಗೆ
೧ ೧ ೧ ೧
ಸೊಟ್ಟಸೊಟ್ಟಗೆ, ಆದರೂ ಒಂದು.

ಹತ್ತೂಕಾಲಿಗೆ ಬಂದಳು. ಕೋಟು ಬಿಚ್ಚದೆ
ಒಲೆಕಟ್ಟೆಗೆ ಒರಗಿ ನಿಂತೇ ತಿಂದಳು.
ನಿಂಬೆ ಹಿಂಡಿದ್ದು ನಾನೇ, ಚೀಟಿಯಲ್ಲಿರಲಿಲ್ಲ.
"ಉಪ್ಪು?" ಅಂದೆ.
"ಸರಿ ಇದೆ."
ಬಾಲಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು,
ಬೆರಳು ನೆಕ್ಕಿದಳು, ಎಣಿಸಿದಳು.
"ಹತ್ತೊಂಬತ್ತು."
ನನ್ನ ಮುಖ ನೋಡಿದಳು.
"ಪಾಕೀಟಿನಲ್ಲಿ ಇಪ್ಪತ್ತಿರುತ್ತೆ ಯಾವಾಗಲೂ."
ನಾನು ಹಾಲು ಕಾಯಿಸಲು ಪಾತ್ರೆ ಹುಡುಕಿದೆ.
ಅವಳು ನಕ್ಕಳು, ಹದಿನಾಲ್ಕು ತಾಸಿನ ದಣಿವೆಲ್ಲ ಅಲ್ಲಾಡುವಂತೆ,
"ಉಪ್ಪು ನೋಡೋದಕ್ಕೆ, ಅಲ್ವಾ?"
ಪಾತ್ರೆ ಎದುರಿಗೇ ಇತ್ತು.
ಹುಡುಕುತ್ತಲೇ ಇದ್ದೆ.

ಬೆಳಿಗ್ಗೆ ತೊಳೆಯಲು ಜಾಲರಿ ಎತ್ತಿದರೆ
ತಳದ ಎಣ್ಣೆಯಲ್ಲಿ ಇಪ್ಪತ್ತನೆಯದು.
ಅಲ್ಲಾಡಿಸಿದಾಗ ಅಂಚಿನಿಂದ ಜಾರಿರಬೇಕು.
ಎರಡು ತುದಿಯೂ ಕೂಡಿ, ಕರಟಿ,
ತುಂಬು ಸೊನ್ನೆ.

ಕಿಟಕಿ ತೆರೆದು ಎದುರು ಮಾಡಿನ ಕಡಲಹಕ್ಕಿಗೆ ಎಸೆದೆ.
ಗ್ರಿಮ್ಸ್‌ಬಿಯ ಹಕ್ಕಿಗಳು ಸಾಕ್ಷಿ ಉಳಿಸುವುದಿಲ್ಲ.
ಒಳಕೋಣೆಯಲ್ಲಿ ವೈಜು ಚಿಕ್ಕಮ್ಮನಿಗೆ ಫೋನಿನಲ್ಲಿ,
ದನಿ ತಗ್ಗಿಸಿ:
"ಹೌದೇ, ತಿಂದ್ರು.
ಒಂದೇ ಒಂದು."